ಪಾಥ್‌ಫೈಂಡರ್ ಅಡ್ವೆಂಚರ್ ಕಾರ್ಡ್ ಗೇಮ್: ಒಂದು ಕ್ಲಾಸ್ ಡೆಕ್ ಗಟ್ಟಿಯೋ ಜೊಳ್ಳೋ ಅಂತ ಅಳೆಯೋದು ಹೇಗೆ?

ಎಲೆಗಾರ:
ಒಬ್ಬೊಬ್ಬರು ಒಂದು ಪಾತ್ರ ಹಿಡಿದು, ಎಲ್ಲರೂ ಒಂದೇ ತಂಡವಾಗಿ ಜಾಗಗಳನ್ನ ಹುಡುಕಿ ವಿಲನ್‌ನ ಸೋಲಿಸೋ ಎಲೆಯಾಟ ಇದು. ಮೂರು ಜನ ಆಡೋರು, ಕೈಯಲ್ಲಿ ರೈಸ್ ಆಫ್ ದಿ ರೂನ್‌ಲಾರ್ಡ್ಸ್ ಅನ್ನೋ ಮೂಲ ಪೆಟ್ಟಿಗೆ. ಅದರ ಜೊತೆ ಆಡೋಕೆ ಮೂರು ಕ್ಲಾಸ್ ಡೆಕ್ (ಒಂದು ವೃತ್ತಿಯ ಪಾತ್ರಗಳಿಗೆ ಬೇಕಾದ ಎಲೆಗಳ ಪೆಟ್ಟಿಗೆ) ಆರಿಸ್ಬೇಕು. ಒಂದೊಂದರಲ್ಲೂ 109 ಎಲೆ (ಕಾರ್ಡ್). ಫೈಟರ್ (ಯೋಧ), ಕ್ಲೆರಿಕ್ (ಅರ್ಚಕ), ರೋಗ್ (ಕಳ್ಳ), ವಿಝರ್ಡ್ (ಮಾಂತ್ರಿಕ) ಈ ನಾಲ್ಕರ ನಡುವೆ ಯೋಚನೆ. ಎಲ್ಲಿ ನೋಡಿದ್ರೂ "ಇದರಲ್ಲಿ ದೊಡ್ಡ ಆಯುಧ ಜಾಸ್ತಿ, ಇದು ಒಳ್ಳೇದು" ಅನ್ನೋ ಥರದ ಪಟ್ಟಿಗಳೇ. ಅಷ್ಟೇ ನೋಡಿದ್ರೆ ಸಾಕಾ? ನೀವು ಡೆಕ್ ತೂಗುವಾಗ ಮೊದಲು ಏನು ನೋಡ್ತೀರಿ?

ದಾಳದಾಸ:
ಮೊದಲು ಹೊಡೆತ. ರಾಕ್ಷಸನ್ನ ಹೊಡೆಯೋಕಾಗ್ದಿದ್ರೆ ಮಿಕ್ಕಿದ್ದೆಲ್ಲ ದಂಡ. ಲೆಕ್ಕ ಸುಲಭ. ಫೈಟರ್ ವ್ಯಾಲೆರೋಸ್‌ಗೆ ಶಕ್ತಿ ಡಿ10 (ಅಂದ್ರೆ ಹತ್ತು ಮುಖದ ದಾಳ), ಮೆಲೀ (ಹತ್ತಿರದ ಹೋರಾಟ) +3. ಡಿ8 ಕೊಡೋ ಕತ್ತಿ ಹಿಡಿದ್ರೆ ಸರಾಸರಿ 5.5 + 3 + 4.5, ಅಂದ್ರೆ 13. ವಿಝರ್ಡ್ ಎಝ್ರೆನ್‌ಗೆ ಬುದ್ಧಿ ಡಿ12, ಆರ್ಕೇನ್ (ಮಂತ್ರವಿದ್ಯೆ) +2. 2ಡಿ4 (ನಾಲ್ಕು ಮುಖದ ಎರಡು ದಾಳ) ಕೊಡೋ ಮಾಮೂಲಿ ದಾಳಿ ಮಂತ್ರಕ್ಕೆ 6.5 + 2 + 5, ಅಂದ್ರೆ 13.5. ಡೆಕ್‌ನಲ್ಲಿರೋ ಪ್ರತಿ ದಾಳಿ ಎಲೆಗೂ ಹೀಗೆ ಸರಾಸರಿ ಬರೆದು ಹೋಲಿಸಿ. ಉತ್ತರ ಸಿಗುತ್ತೆ.

ಹಿತ್ತಿಲಗಿಡ:
ದಾಸರೇ, ನಿಮ್ಮ ಲೆಕ್ಕದಲ್ಲೇ ತೊಂದರೆ ಕಾಣ್ತಿದೆ. 13 ಮತ್ತು 13.5, ಎರಡೂ ಹೆಚ್ಚುಕಮ್ಮಿ ಒಂದೇ. ಆದ್ರೆ ವ್ಯಾಲೆರೋಸ್ ಕತ್ತಿಯನ್ನ ತೋರಿಸಿ ಮತ್ತೆ ಕೈಯಲ್ಲೇ ಇಟ್ಕೋತಾನೆ. ಎಝ್ರೆನ್ ಮಂತ್ರ ಹಾಕಿದ ಕೂಡ್ಲೇ ಅದು ಕೈ ಬಿಡುತ್ತೆ. ಒಂದೇ ಹೊಡೆತ, ಬೆಲೆ ಬೇರೆ.

ಈ ಆಟದಲ್ಲಿ ನಿಮ್ಮ ಎಲೆಕಟ್ಟೇ ನಿಮ್ಮ ಪ್ರಾಣ. ಎಳೆಯಬೇಕಾದಾಗ ಕಟ್ಟಿನಲ್ಲಿ ಎಲೆ ಇಲ್ಲ ಅಂದ್ರೆ ಪಾತ್ರ ಸತ್ತ ಹಾಗೆ. ಹಾಗಾಗಿ ಎಲೆ ಎಷ್ಟು ಹೊಡೆಯುತ್ತೆ ಅನ್ನೋದಕ್ಕಿಂತ ಮುಂಚೆ, ಆಡಿದ ಮೇಲೆ ಅದು ಎಲ್ಲಿಗೆ ಹೋಗುತ್ತೆ ಅಂತ ನೋಡ್ಬೇಕು. ರಿವೀಲ್ ಅಂದ್ರೆ ತೋರಿಸಿ ಕೈಯಲ್ಲೇ ಇಟ್ಕೊಳ್ಳೋದು, ಖರ್ಚೇ ಇಲ್ಲ. ರೀಚಾರ್ಜ್ ಅಂದ್ರೆ ಕಟ್ಟಿನ ಅಡಿಗೆ ಹೋಯ್ತು, ಪ್ರಾಣ ಉಳೀತು, ಕೈ ಮಾತ್ರ ಒಂದು ಎಲೆ ಕಮ್ಮಿ. ಡಿಸ್ಕಾರ್ಡ್ ಅಂದ್ರೆ ಬಿಸಾಕಿದ ರಾಶಿಗೆ ಹೋಯ್ತು, ಪ್ರಾಣ ಒಂದು ಕಮ್ಮಿ, ಯಾರಾದ್ರೂ ವಾಸಿ ಮಾಡಿದ್ರೆ ವಾಪಸ್. ಬರಿ (ಇಂಗ್ಲಿಷಿನ bury, ಹೂಳೋದು) ಅಂದ್ರೆ ಆ ಆಟ ಮುಗಿಯೋವರೆಗೆ ವಾಪಸ್ ಇಲ್ಲ. ಬ್ಯಾನಿಶ್ ಅಂದ್ರೆ ಪೆಟ್ಟಿಗೆಗೇ ಹೋಯ್ತು, ನಿಮ್ಮದಲ್ಲ.

ಡೆಕ್ ಕೊಳ್ಳೋ ಮುಂಚೆ ಎಲೆಗಳ ಪಟ್ಟಿ ಸಿಕ್ಕಿದ್ರೆ ಪ್ರತಿ ಎಲೆ ಪಕ್ಕ ಈ ಐದರಲ್ಲಿ ಒಂದು ಗುರುತು ಹಾಕಿ. ಬರೀ ಡಿಸ್ಕಾರ್ಡ್ ಗುರುತೇ ತುಂಬಿರೋ ಡೆಕ್ ಎಷ್ಟೇ ಅಬ್ಬರದ್ದಾಗಿರ್ಲಿ, ನಾಲ್ಕನೇ ಸರದಿಗೆ ಸೊರಗುತ್ತೆ.

ಕಿರುಗೆಜ್ಜೆ:
+1. ಬಾರ್ಬೇರಿಯನ್ ಪಾತ್ರ ಅಮಿರಿ ನೆನಪಾಗ್ತಾಳೆ. ಒಂದು ಎಲೆ ಬರಿ ಮಾಡಿದ್ರೆ ಡಿ10 ಸೇರುತ್ತೆ. ಕೇಳೋಕೆ ಭಾರಿ, ಆದ್ರೆ ಹಾಗೆ ಹೂತ ಎಲೆಯನ್ನ ಪಕ್ಕದ ಕ್ಲೆರಿಕ್ ಕೂಡ ಎತ್ತೋಕಾಗಲ್ಲ.

ದಾಳದಾಸ:
ಒಪ್ಪಿದೆ, ಅರ್ಧ ಮಾತ್ರ. ಮಂತ್ರ ಹಾಕಿದ ಮೇಲೆ ರೀಚಾರ್ಜ್ ಪರೀಕ್ಷೆ (ದಾಳ ಹಾಕಿ ಗುರಿ ಮುಟ್ಟಿದ್ರೆ ಡಿಸ್ಕಾರ್ಡ್ ಬದಲು ರೀಚಾರ್ಜ್) ಇದ್ದೇ ಇದೆಯಲ್ಲ? ಎಝ್ರೆನ್‌ಗೆ ಡಿ12 ಇದೆ. ಬಹುತೇಕ ಮಂತ್ರ ವಾಪಸ್ ಅಡಿಗೆ ಹೋಗುತ್ತೆ.

ಹುಬ್ಳಿಹೈದ:
ಬಹುತೇಕ ಅಂದ್ರ ಎಷ್ಟು ಅಂತ ಹೇಳ್ರಿ. ರೀಚಾರ್ಜಿಗೆ 8 ಕೇಳೋ ಮಂತ್ರ ಇಟ್ಕೊಳ್ರಿ. ಡಿ12 + 2 ಅಂದ್ರ ದಾಳದಾಗ 6 ಅಥವಾ ಮ್ಯಾಲೆ ಬರಬೇಕು. 12ರಾಗ 7 ಅವಕಾಶ, ಶೇಕಡಾ 58. ಸರದಿಗೊಂದು ಮಂತ್ರ ಹಾಕಿದ್ರ ಹತ್ತು ಸರದ್ಯಾಗ ನಾಲ್ಕು ಎಲೆ ಹೋದ್ವು ಅಂತ ತಿಳ್ಕೊಳ್ರಿ. ಸ್ಕಿಲ್ ಫೀಟ್ (ಪಾತ್ರ ಬೆಳದಂಗ ಸಿಗೋ +1) ಎರಡು ಹಾಕಿ +4 ಮಾಡಿದ್ರ ಶೇಕಡಾ 75, ಹೋಗೋದು ಎರಡೂವರೆ. ಅದೇ ಮಂತ್ರನ ಡಿ10 + 1 ಇರೋ ಪಾತ್ರಕ್ಕ ಕೊಟ್ರ ಶೇಕಡಾ 40, ಆರು ಎಲೆ ಮಣ್ಣಾಗತಾವು.

ಅದಕ್ಕ ನಾ ಹೇಳೋದು ಇಷ್ಟ. ಡೆಕ್ ಅಂತ ತೂಗಬ್ಯಾಡ್ರಿ, ಡೆಕ್ ಮತ್ತ ಪಾತ್ರ ಎರಡೂ ಜೋಡಿ ಮಾಡಿ ತೂಗ್ರಿ. ಒಂದ ಪೆಟ್ಟಿಗ್ಯಾಗ ನಾಲ್ಕು ಪಾತ್ರ ಇರತಾವು, ನಾಲ್ಕಕ್ಕೂ ಎಲೆಗಳು ಅವೇ. ಒಬ್ಬಗ ಬಂಗಾರ ಆದದ್ದು ಇನ್ನೊಬ್ಬಗ ಕಲ್ಲು.

ಸಂಪಿಗೆ_ನೆರಳು:
ಸಾರ್ಸರರ್ ಪಾತ್ರ ಸಿಯೋನಿ ಬೇರೆ ಥರ. ಆರ್ಕೇನ್ ಮಂತ್ರದ ರೀಚಾರ್ಜ್ ಪರೀಕ್ಷೆ ಅವಳಿಗೆ ತಾನಾಗೇ ಪಾಸ್. ಆದ್ರೆ ಅವಳ ಸ್ವಂತ ಬೆಂಕಿ ಹೊಡೆತಕ್ಕೆ ಪ್ರತಿ ಸಲ ಒಂದು ಎಲೆ ಡಿಸ್ಕಾರ್ಡ್ ಆಗ್ಬೇಕು. ಅವಳಿಗೆ ಡೆಕ್ ಆರಿಸುವಾಗ ದಾಳಿ ಮಂತ್ರ ಎಣಿಸ್ಬೇಕು, ಸ್ವಂತ ಬೆಂಕಿಯನ್ನಲ್ಲ.

ಎಲೆಗಾರ:
ಇದು ಉಪಯೋಗಕ್ಕೆ ಬಂತು. ಒಂದು ಅನುಮಾನ. ಎಝ್ರೆನ್‌ಗೆ ಕೈಯಲ್ಲಿ 6 ಎಲೆ, ವ್ಯಾಲೆರೋಸ್‌ಗೆ 4. ಆರು ಇದ್ರೆ ಆಯ್ಕೆ ಜಾಸ್ತಿ, ಹಾಗಾಗಿ ವಿಝರ್ಡ್ ಮೇಲು ಅಲ್ವಾ?

ಹಿತ್ತಿಲಗಿಡ:
ಅಲ್ಲ. ಹೊಸಬರು ಎಡವೋದೇ ಇಲ್ಲಿ. ಶುರುವಿಗೆ ಇಬ್ಬರದ್ದೂ 15 ಎಲೆ. ಎಝ್ರೆನ್ ಆರು ಹಿಡಿದ ಮೇಲೆ ಕಟ್ಟಿನಲ್ಲಿ ಉಳಿಯೋದು 9. ವ್ಯಾಲೆರೋಸ್‌ಗೆ 11. ಈಗ ಒಂದು ಹೋರಾಟದಲ್ಲಿ ಇಬ್ಬರೂ 7 ಅಂಕದಿಂದ ಸೋತರು, ಇಬ್ಬರ ಹತ್ರನೂ ಆರ್ಮರ್ (ರಕ್ಷಾಕವಚ) ಇಲ್ಲ ಅನ್ನಿ. 7 ಡ್ಯಾಮೇಜ್, ಅಂದ್ರೆ ಕೈಯಿಂದ 7 ಎಲೆ ಬಿಸಾಕ್ಬೇಕು. ಕೈಯಲ್ಲಿ ಅಷ್ಟಿಲ್ಲದಿದ್ರೆ ಇರೋದನ್ನೆಲ್ಲ ಬಿಸಾಕಿದ್ರೆ ಸಾಕು. ವ್ಯಾಲೆರೋಸ್ 4 ಬಿಸಾಕಿ ಹೊಸದಾಗಿ 4 ಎಳೀತಾನೆ, ಕಟ್ಟಿನಲ್ಲಿ ಇನ್ನೂ 7. ಎಝ್ರೆನ್ 6 ಬಿಸಾಕಿ 6 ಎಳೀತಾನೆ, ಕಟ್ಟಿನಲ್ಲಿ 3. ಇನ್ನೊಂದು ಅಂಥ ಏಟು ಬಿದ್ರೆ ಎಳೆಯೋಕೆ ಎಲೆ ಇಲ್ಲ, ಅಲ್ಲಿಗೆ ಮುಗೀತು. ವ್ಯಾಲೆರೋಸ್ ಎರಡನೇದನ್ನೂ ತಡ್ಕೊಂಡು 3 ಎಲೆ ಉಳಿಸ್ಕೋತಾನೆ.

ಕೈ ದೊಡ್ಡದಾದಷ್ಟೂ ಕಟ್ಟು ತೆಳು, ಏಟಿಗೆ ಸಿಗೋ ಎಲೆಯೂ ಜಾಸ್ತಿ. ದೊಡ್ಡ ಕೈ ಪಾತ್ರದ ಡೆಕ್‌ನಲ್ಲಿ ಹೊಡೆತಕ್ಕಿಂತ ತಪ್ಪಿಸಿಕೊಳ್ಳೋ ಎಲೆ, ಮೊದಲೇ ಇಣುಕಿ ನೋಡೋ ಎಲೆ ಎಷ್ಟಿವೆ ಅಂತ ಹುಡುಕಬೇಕು.

ಡಿ12ಪ್ರೇಮಿ:
ಮೊದಲ ಕೈಯಲ್ಲಿ ದಾಳಿ ಎಲೆ ಬರುತ್ತಾ ಅನ್ನೋದನ್ನ ಯಾರೂ ಹೇಳ್ಲಿಲ್ಲ. ಫೇವರ್ಡ್ ಕಾರ್ಡ್ ನಿಯಮ ಇದೆಯಲ್ಲ, ಆ ಪಾತ್ರಕ್ಕೆ ಗೊತ್ತುಮಾಡಿದ ಜಾತಿಯ ಎಲೆ ಬರೋವರೆಗೂ ಮತ್ತೆ ಹಂಚೋದು. ವ್ಯಾಲೆರೋಸ್‌ಗೆ ಅದು ಆಯುಧ. 15ರಲ್ಲಿ 5 ಆಯುಧ, ಕೈ 4. ನಿಯಮ ಇಲ್ದಿದ್ರೆ ಶೇಕಡಾ 15 ಸಲ ಬರಿಗೈ. ನಿಯಮ ಇರೋದ್ರಿಂದ ಸೊನ್ನೆ.

ಎಝ್ರೆನ್‌ಗೆ ಅದು ಮಂತ್ರ. 15ರಲ್ಲಿ 8 ಮಂತ್ರ, ಕೈ 6, ಮಂತ್ರ ಹೇಗೂ ಬಂದೇ ಬರುತ್ತೆ. ಆದ್ರೆ ಅದು ದಾಳಿ ಮಂತ್ರವೇ ಆಗಿರ್ಬೇಕು ಅಂತ ಎಲ್ಲೂ ಇಲ್ಲ! 8ರಲ್ಲಿ 3 ಮಾತ್ರ ದಾಳಿ ಆದ್ರೆ ಹೆಚ್ಚುಕಮ್ಮಿ ಶೇಕಡಾ 18 ಸಲ ಹೊಡೆಯೋಕೆ ಏನೂ ಇಲ್ಲದೆ ಶುರು. 4 ಆದ್ರೆ ಶೇಕಡಾ 9. 5 ಆದ್ರೆ ಶೇಕಡಾ 4. ಅದಕ್ಕೆ ವಿಝರ್ಡ್ ಡೆಕ್‌ನ ಬಿ ಗುರುತಿನ (ಶುರುವಿಗೆ ಆರಿಸ್ಕೊಳ್ಳೋ) ಎಲೆಗಳಲ್ಲಿ ದಾಳಿ ಮಂತ್ರ ಕನಿಷ್ಠ 4 ಸಿಗುತ್ತಾ ಅಂತ ಮೊದಲು ನೋಡಿ. ಸಿಗದಿದ್ರೆ ಬೇರೆ ಪಾತ್ರ.

ದಾಳದಾಸ:
ಅಂದ್ರೆ ಕೊನೆಗೆ ಹೊಡೆತವೇ ಮೊದಲು ಅಂತಾಯ್ತು.

ಡಿ12ಪ್ರೇಮಿ:
ಇಲ್ಲ ಸಾರ್. ನಾಲ್ಕು ದಾಳಿ ಸಿಕ್ಕಿದ ಮೇಲೆ ಐದನೇದು, ಆರನೇದು ಕೊಡೋ ಲಾಭ ತುಂಬಾ ಕಮ್ಮಿ. ಒಂದು ಮಟ್ಟ ಮುಟ್ಟಿದ್ರೆ ಆಯ್ತು. ಆಮೇಲೆ ಬೇರೆ ನೋಡಿ ಅಂತಷ್ಟೇ ಹೇಳ್ತಿರೋದು.

ಹುಬ್ಳಿಹೈದ:
ಗಡಿಯಾರದ ಲೆಕ್ಕ ಬಿಟ್ರಿ ಎಲ್ಲಾರೂ. ಬ್ಲೆಸಿಂಗ್ ಡೆಕ್ ಅಂದ್ರ ಆಟದ ಗಡಿಯಾರ, 30 ಎಲೆ, ಸರದಿಗೊಂದು ತಿರಗತೈತಿ. ಎಷ್ಟು ಮಂದಿ ಆಡಿದ್ರೂ ಒಟ್ಟು 30 ಸರದಿ ಅಷ್ಟ. ಜಾಗ ಮಾತ್ರ ಮಂದಿ + 2. ಒಂದೊಂದು ಜಾಗಕ್ಕ 10 ಎಲೆ, ಅದರಾಗ ಒಂದು ಹೆಂಚ್‌ಮನ್ (ವಿಲನ್‌ನ ಬಂಟ) ಇಲ್ಲಾ ವಿಲನ್. ಹುಡುಕೋದು ಸರಾಸರಿ ಐದೂವರೆ ಎಲೆ ತಿರುವಿದ ಮ್ಯಾಲೆ.

ಮೂರು ಮಂದಿಗೆ 5 ಜಾಗ, 27.5 ಎಲೆ. ತಲಾ 10 ಸರದಿ. ಸರದಿಗೊಂದು ಪುಕ್ಕಟೆ ಎಕ್ಸ್‌ಪ್ಲೋರ್ (ಜಾಗದ ಮ್ಯಾಲಿನ ಎಲೆ ತಿರುವೋದು) ಸಾಕಾಗೂ ಹಂಗ ಕಾಣತೈತಿ, ಆದ್ರ ಬರೇ ಕೂದಲೆಳಿ ಅಂತರ. ನಾಲ್ಕು ಮಂದಿಗೆ 33, ಒಂದಕ್ಕಿಂತ ಜಾಸ್ತಿ ಬೇಕು. ಆರು ಮಂದಿಗೆ 44, ಸರದಿಗೆ ಒಂದೂವರೆ. ಹೆಂಚ್‌ಮನ್‌ಗೆ ಸೋತ್ರ ಅಂವ ಮತ್ತ ಕಲಸಿದ ಕಟ್ಟಿನಾಗ ಹೋಗತಾನ. ಅಂವನ್ನ ಸೋಲಿಸಿದ ಮ್ಯಾಲೆ ಜಾಗ ಮುಚ್ಚೂ ಪರೀಕ್ಷಾದಾಗ ಫೇಲ್ ಆದ್ರ ಉಳಿದದ್ದೆಲ್ಲಾ ತಿರುವಬೇಕು. ಹಂಗಾಗಿ ಡೆಕ್ ಸರದಿಗೆ ಎಷ್ಟು ಸಲ ಹೆಚ್ಚಿಗಿ ಎಕ್ಸ್‌ಪ್ಲೋರ್ ಕೊಡತೈತಿ ಅನ್ನೋದು ಬರದ ಇಡ್ರಿ. ಆಲಿ (ಜೊತೆಗಾರ) ಎಷ್ಟು, ಬ್ಲೆಸಿಂಗ್ (ದೇವರ ಆಶೀರ್ವಾದ) ಎಷ್ಟು, ಅದರಾಗ ರೀಚಾರ್ಜ್ ಮಾಡಿ ಎಕ್ಸ್‌ಪ್ಲೋರ್ ಕೊಡೋವು ಎಷ್ಟು.

ಕುಡ್ಲದಕ್ಕ:
ಒಬ್ಬರೇ ಆಡುವವರಿಗೆ ಇದು ಉಲ್ಟಾ ಮಾರಾಯ್ರೆ. 3 ಜಾಗ, 16.5 ಎಲೆ, 30 ಸರದಿ. ಸಮಯ ಬೇಕಾದಷ್ಟಿದೆ, ಪ್ರಾಣ ಇಲ್ಲ. ಎಝ್ರೆನ್ ಆದರೆ ಕಟ್ಟಿನ 9 ಎಲೆಯಲ್ಲಿ 30 ಸರದಿ ತಳ್ಳಬೇಕು. ಅಲ್ಲಿ ರೀಚಾರ್ಜ್ ಬಿಟ್ಟು ಬೇರೆ ಯಾವುದಕ್ಕೂ ಬೆಲೆ ಇಲ್ಲ. ಯಾರದ್ದೋ ಪಟ್ಟಿ ಓದುವಾಗ ಅವರು ಎಷ್ಟು ಜನರ ಆಟಕ್ಕೆ ಬರೆದದ್ದು ಅಂತ ಮೊದಲು ಕೇಳಿ. ಒಬ್ಬರ ಆಟದ ಪಟ್ಟಿ ಹಿಡಿದು ಆರು ಜನರ ಆಟಕ್ಕೆ ಡೆಕ್ ಕೊಂಡರೆ ಪೂರಾ ತಪ್ಪುತ್ತದೆ.

ಸಂಪಿಗೆ_ನೆರಳು:
ಹುಬ್ಳಿಯವರ ಅಳತೆಗೆ ಮಾಂಕ್ ಪಾತ್ರ ಸಜನ್ ಒಳ್ಳೇ ಉದಾಹರಣೆ. ಆಯುಧ 0, ಮಂತ್ರ 0, ಆರ್ಮರ್ 0. ಐಟಮ್ 3, ಆಲಿ 4, ಬ್ಲೆಸಿಂಗ್ 8. ದಾಳದಾಸರ ಅಳತೆಗೆ ಅವನು ಸೊನ್ನೆ. ಆದ್ರೆ ಕೈಚಳಕದ ಡಿ10ನಲ್ಲೇ ಹೊಡೀತಾನೆ, ತನ್ನ ಹೋರಾಟಕ್ಕೆ ಹಾಕಿದ ಬ್ಲೆಸಿಂಗ್ ಡಿಸ್ಕಾರ್ಡ್ ಆಗೋ ಬದಲು ರೀಚಾರ್ಜ್ ಆಗುತ್ತೆ. ಅದೇ ಬ್ಲೆಸಿಂಗ್ ಬೇಕಾದ್ರೆ ಎಕ್ಸ್‌ಪ್ಲೋರ್‌ಗೂ ಬರುತ್ತೆ, ಬೇರೆಯವರ ಪರೀಕ್ಷೆಗೂ ಬರುತ್ತೆ.

ದಾಳದಾಸ:
ಸರಿ, ಸಜನ್ ವಿಷಯದಲ್ಲಿ ನನ್ನ ಅಳತೆ ಕೆಲಸ ಮಾಡಲ್ಲ, ಒಪ್ಪಿದೆ. ಹಾಗಂತ ಸರಾಸರಿ ಲೆಕ್ಕವನ್ನೇ ಬಿಡ್ಬೇಡಿ. ಇನ್ನೊಂದು ಮಾತು: ಸರಾಸರಿ ಒಂದೇ ಇದ್ರೂ ದಾಳದ ಹರವು ಬೇರೆ. ಡಿ12 ಮತ್ತು ಡಿ8 + 2, ಎರಡಕ್ಕೂ ಸರಾಸರಿ 6.5. ಗುರಿ 5 ಆದ್ರೆ ಡಿ12 ಶೇಕಡಾ 67, ಡಿ8 + 2 ಶೇಕಡಾ 75. ಗುರಿ 10 ಆದ್ರೆ ಡಿ12 ಶೇಕಡಾ 25, ಡಿ8 + 2 ಬರೀ 12.5. ಸಣ್ಣ ಗುರಿಗೆ ಕೂಡಿಸೋ ಅಂಕಿ, ದೊಡ್ಡ ಗುರಿಗೆ ದೊಡ್ಡ ದಾಳ.

ಹಿತ್ತಿಲಗಿಡ:
ಇದು ಬಂಗಾರದಂಥ ಮಾತು. ಎಲೆ ಗಳಿಸೋ ಪರೀಕ್ಷೆಗಳಲ್ಲಿ ಗುರಿ ಸಣ್ಣದಿರೋದೇ ಜಾಸ್ತಿ, ಅಲ್ಲಿ ಡಿ8 + 2 ಸಾಕು.

ಪುಟ್ಟಕ್ಕನಮನೆ:
ಬೆಳವಣಿಗೆ ಬಗ್ಗೆ ಯಾರೂ ಹೇಳಿಲ್ಲ. ಡೆಕ್ ಅಳೆಯೋದು ಅಂದ್ರೆ ಮೊದಲ ದಿನದ 15 ಎಲೆ ಮಾತ್ರ ಅಲ್ಲ. ಸೊಸೈಟಿ ಆಟದ (ಪ್ರಕಾಶಕರ ಸಂಘಟಿತ ಆಟ) ಪದ್ಧತಿಯಲ್ಲಿ, ಆಟ ಮುಗಿದ ಮೇಲೆ ತಂಡ ಗಳಿಸಿದ ಎಲೆಯ ಜಾತಿ, ಅದರ ಮೇಲಿರೋ ಮಟ್ಟದ ಅಂಕಿ ನೋಡಿ ನಿಮ್ಮ ಕ್ಲಾಸ್ ಡೆಕ್‌ನಿಂದ ಅದೇ ಜಾತಿಯ, ಅದೇ ಅಂಕಿಯ ಅಥವಾ ಕೆಳಗಿನ ಎಲೆ ತಗೋತೀರಿ. ಅಂದ್ರೆ ತಂಡಕ್ಕೆ ಆಯುಧ 3 ಸಿಕ್ತು, ಆದ್ರೆ ನಿಮ್ಮ ಪೆಟ್ಟಿಗೆಯಲ್ಲಿ 3ರ ಆಯುಧ ನಿಮ್ಮ ಪಾತ್ರಕ್ಕೆ ಒಗ್ಗದ್ದು ಅಂದ್ರೆ ಆ ಬಹುಮಾನ ಹೋಯ್ತು.

ನೋಡೋ ರೀತಿ ಹೀಗೆ. ಡೆಕ್ ಬಿಚ್ಚಿ ಪಾತ್ರದ ಎಲೆಗಳನ್ನ ಪಕ್ಕಕ್ಕಿಡಿ. ಉಳಿದದ್ದನ್ನ ನೆಲದ ಮೇಲೆ ಸಾಲಾಗಿ ಹಾಕಿ. ಅಡ್ಡ ಸಾಲು ಆರು: ಆಯುಧ, ಮಂತ್ರ, ಆರ್ಮರ್, ಐಟಮ್, ಆಲಿ, ಬ್ಲೆಸಿಂಗ್. ಉದ್ದ ಸಾಲು ಏಳು: ಬಿ, ಆಮೇಲೆ 1ರಿಂದ 6. ಈಗ ನೀವು ಆಡೋ ಪಾತ್ರದ ಎಲೆಪಟ್ಟಿ ಕೈಯಲ್ಲಿ ಹಿಡಿದು, ಅವನಿಗೆ ಬೇಡದ್ದನ್ನೆಲ್ಲ ತಿರುಗಿಸಿ ಮುಚ್ಚಿ. ವ್ಯಾಲೆರೋಸ್ ಆದ್ರೆ ಮಂತ್ರ 0, ಹಾಗಾಗಿ ಮಂತ್ರ ಇದ್ರೆ ಇಡೀ ಸಾಲು ಮುಚ್ಚಿತು. ಬರೀ ರೇಂಜ್ಡ್ ಆಯುಧ ಇರೋ ಕಡೆ ಅರ್ಧ ಮುಚ್ಚಿತು. ಕೊನೆಗೆ ಯಾವ ಚೌಕ ಪೂರ್ತಿ ಮುಚ್ಚಿದೆ ನೋಡಿ. 2 ಮತ್ತು 3ರ ಕಂಬದಲ್ಲಿ ನಿಮ್ಮ ಮುಖ್ಯ ಜಾತಿಯ ಚೌಕ ಖಾಲಿ ಇದ್ರೆ ಆ ಪಾತ್ರ ನಡುದಾರಿಯಲ್ಲಿ ನಿಂತುಬಿಡ್ತಾನೆ. ರಾಕ್ಷಸರ ಅಂಕಿ ಏರ್ತಾನೇ ಹೋಗುತ್ತೆ, ಇವನು ಬಿ ಕತ್ತಿಯಲ್ಲೇ ಇರ್ತಾನೆ.

ಎಲೆಗಾರ:
ಈ ನೆಲದ ಮೇಲೆ ಹಾಸೋ ಉಪಾಯ ತುಂಬಾ ಹಿಡಿಸ್ತು. ಮನೆ ಆಟದಲ್ಲಿ ಮೂರೂ ಡೆಕ್‌ನ ಎಲೆ ದೊಡ್ಡ ಪೆಟ್ಟಿಗೆಗೆ ಸೇರಿಸಿ ಕಲಸಿದ್ರೆ ಈ ತೊಂದರೆ ಹೋಗಲ್ವಾ?

ಪುಟ್ಟಕ್ಕನಮನೆ:
ಹೋಗುತ್ತೆ, ಬೇರೆ ತೊಂದರೆ ಬರುತ್ತೆ. ಜಾಗಗಳಿಗೆ ಹಂಚೋ ರಾಶಿಯಲ್ಲಿ ಕ್ಲಾಸ್ ಡೆಕ್ ಎಲೆಗಳೇ ತುಂಬ್ಕೊಂಡು, ಆ ಸಾಹಸಕ್ಕಂತ ಮಾಡಿದ ಎಲೆ ಬರೋದೇ ಕಮ್ಮಿಯಾಗುತ್ತೆ. ಬೇರೆ ಇಡೋದೇ ಒಳ್ಳೇದು. ಬೇರ್ಪಡಿಸೋಕೆ ಡೆಕ್‌ಗೊಂದು ಬಣ್ಣದ ಡಬ್ಬಿ ಇಟ್ಕೊಳ್ಳಿ.

ಕಿರುಗೆಜ್ಜೆ:
ಡಬ್ಬಿ ಮಾತು ಬಂತಲ್ಲ, ಸ್ಲೀವ್ ಹಾಕ್ಬೇಕಾ? ಕರಾವಳಿಯಲ್ಲಿ ಮಳೆಗಾಲದಲ್ಲಿ ಎಲೆ ಬಾಗುತ್ತೆ.

ಕುಡ್ಲದಕ್ಕ:
ಹಾಕಲೇಬೇಕು. ಮಾಮೂಲಿ 63.5 × 88 ಮಿಲಿಮೀಟರ್ ಅಳತೆಯದ್ದು ಸಾಕು. ಒಂದು ಮಾತು, ಹಿಂಬದಿ ಕಾಣದ ಬಣ್ಣದ ಸ್ಲೀವನ್ನೇ ತೆಗೆದುಕೊಳ್ಳಿ. ಬೇರೆ ಬೇರೆ ಸಲ ಮುದ್ರಿಸಿದ ಎಲೆಗಳ ಹಿಂಬದಿ ಬಣ್ಣ ಸ್ವಲ್ಪ ಆಚೀಚೆ ಆದರೂ ಕಟ್ಟಿನ ಮೇಲಿನ ಎಲೆ ಯಾವುದೆಂದು ಗೊತ್ತಾಗಿಬಿಡುತ್ತದೆ. ಡಬ್ಬಿಯಲ್ಲಿ ಸಿಲಿಕಾ ಪೊಟ್ಟಣ ಎರಡು ಹಾಕಿ.

ಡಿ12ಪ್ರೇಮಿ:
ವಿಷಯಕ್ಕೆ ಬರೋಣ. ನೆರವು ಕೊಡೋ ಪಾತ್ರಗಳನ್ನ ಹೇಗೆ ಅಳೀತೀರಿ? ಬಾರ್ಡ್ (ಹಾಡುಗಾರ) ಲೆಮ್ ಒಂದು ಎಲೆ ರೀಚಾರ್ಜ್ ಮಾಡಿ ಅದೇ ಜಾಗದಲ್ಲಿರೋರ ಪರೀಕ್ಷೆಗೆ ಡಿ4 ಕೊಡ್ತಾನೆ. ವ್ಯಾಲೆರೋಸ್ ಅದೇ ಜಾಗದ ಹೋರಾಟಕ್ಕೆ ಡಿ4 ಪುಕ್ಕಟೆ ಕೊಡ್ತಾನೆ. ಹಾಗಿದ್ರೆ ವ್ಯಾಲೆರೋಸೇ ಉತ್ತಮ ಬಾರ್ಡ್ ಅಲ್ವಾ?

ಹಿತ್ತಿಲಗಿಡ:
ಹೋರಾಟಕ್ಕೆ ಮಾತ್ರ. ಲೆಮ್‌ನ ಡಿ4 ಎಲ್ಲ ಪರೀಕ್ಷೆಗೂ ಬರುತ್ತೆ: ಎಲೆ ಗಳಿಸೋಕೆ, ಬೀಗ ಬಿಚ್ಚೋಕೆ, ಜಾಗ ಮುಚ್ಚೋಕೆ. ಮೇಲಾಗಿ ಸರದಿ ಶುರುವಿನಲ್ಲಿ ಕೈಯಲ್ಲಿರೋ ಒಂದು ಎಲೆ ಕೊಟ್ಟು ಡಿಸ್ಕಾರ್ಡ್ ರಾಶಿಯಿಂದ ಅದೇ ಜಾತಿಯ ಎಲೆ ವಾಪಸ್ ತಗೋತಾನೆ. ಬಳಸಿ ಬಿಸಾಕಿದ ಒಳ್ಳೇ ಮಂತ್ರ ಮತ್ತೆ ಕೈಗೆ ಬಂತು. ಇಬ್ಬರಿಗೂ ಇರೋ ಕೊರತೆ ಅಂದ್ರೆ "ಅದೇ ಜಾಗ" ಅನ್ನೋ ಷರತ್ತು. ವಿಲನ್ ಸಿಕ್ಕಾಗ ಅವನು ಓಡಿಹೋಗದ ಹಾಗೆ ಬೇರೆ ಜಾಗಗಳನ್ನ ತಾತ್ಕಾಲಿಕವಾಗಿ ಮುಚ್ಚೋಕೆ ಜನ ಚದುರಿರ್ಬೇಕು. ಚದುರಿದ್ರೆ ಡಿ4 ಸಿಗಲ್ಲ. ಮೂರು ಜನರ ಆಟದಲ್ಲಿ ಇದು ನೇರ ತಿಕ್ಕಾಟ. ಹಾಗಾಗಿ ಅದೇ ಜಾಗದ ನೆರವಿಗೆ ಅರ್ಧ ಅಂಕ ಕೊಡಿ, ದೂರದ ನೆರವಿಗೆ ಪೂರ್ತಿ. ಬ್ಲೆಸಿಂಗ್ ಎಷ್ಟು ದೂರಕ್ಕೂ ಹೋಗುತ್ತೆ, ಅದಕ್ಕೇ ಅದು ದುಬಾರಿ ಎಲೆ.

ಸಂಪಿಗೆ_ನೆರಳು:
ಬ್ಲೆಸಿಂಗ್ ಬಗ್ಗೆ ಒಂದು ಎಚ್ಚರ. ಕೆಲವು ಬ್ಲೆಸಿಂಗ್, ಬ್ಲೆಸಿಂಗ್ ಡಿಸ್ಕಾರ್ಡ್ ರಾಶಿಯ ಮೇಲಿನ ಎಲೆ ಹೊಂದಿದ್ರೆ ಡಿಸ್ಕಾರ್ಡ್ ಬದಲು ರೀಚಾರ್ಜ್ ಆಗುತ್ತೆ. ಆದ್ರೆ ಆ ರಾಶಿ ಬರೋದು ದೊಡ್ಡ ಪೆಟ್ಟಿಗೆಯಿಂದ. ಕ್ಲಾಸ್ ಡೆಕ್‌ನ ಬ್ಲೆಸಿಂಗ್ ಮೇಲೆ ಹೆಸರಿರೋ ದೇವರು ಆ ಪೆಟ್ಟಿಗೆಯಲ್ಲೇ ಇಲ್ಲ ಅಂದ್ರೆ ಹೊಂದೋದೇ ಇಲ್ಲ. ಆ ಸಾಲನ್ನ ಎಲೆ ಮೇಲೆ ಇಲ್ಲ ಅಂತಲೇ ಓದಿ ಅಳೆಯಿರಿ.

ಎಲೆಗಾರ:
ಇಷ್ಟೆಲ್ಲ ಓದಿ ಒಂದು ತೀರ್ಮಾನಕ್ಕೆ ಬಂದಿದ್ದೀನಿ, ತಪ್ಪಿದ್ರೆ ಹೇಳಿ. ಕ್ಲೆರಿಕ್, ರೋಗ್, ಮೂರನೇದು ಫೈಟರ್. ಕೈರಾ ವಾಸಿ ಮಾಡ್ತಾಳೆ, ಮೆರಿಸಿಯೆಲ್ ಬೀಗ ಮತ್ತು ಬಲೆ, ವ್ಯಾಲೆರೋಸ್ ಹೊಡೆತ. ವಿಝರ್ಡ್ ಬಿಟ್ಟೆ.

ದಾಳದಾಸ:
ಬುದ್ಧಿಯ ಪರೀಕ್ಷೆ ಬಂದಾಗ ಮೂವರೂ ಕೈ ಎತ್ತುತ್ತೀರಿ. ಆರ್ಕೇನ್ ಮಂತ್ರ ಸಿಕ್ರೂ ಪ್ರಯೋಜನ ಇಲ್ಲ, ಆ ಸ್ಕಿಲ್ ಇಲ್ಲದವರು ಆಡಿದ್ರೆ ಮಂತ್ರ ಬ್ಯಾನಿಶ್.

ಹುಬ್ಳಿಹೈದ:
ಒಂದ ಸಲಕ್ಕ ಅಂತ ತಿಳಕೊಂಡು ಆಡಿದ್ರ ಆತು. ವಿಲನ್ ಮುಂದ ನಿಂತಾಗ ಬ್ಯಾನಿಶ್ ಆದ್ರ ಏನು ಹೋತು?

ಹಿತ್ತಿಲಗಿಡ:
ಮೂರು ಜನಕ್ಕೆ ತಲಾ 10 ಸರದಿ. ಎಝ್ರೆನ್‌ನ 9 ಎಲೆ ಹತ್ತು ಸರದಿ ಬರೋಕೆ ಕೈರಾ ಅವನ ಹಿಂದೆಯೇ ಇರ್ಬೇಕು. ಕೈರಾ ವಾಸಿ ಮಾಡಿದ್ರೆ 1ಡಿ4 + 1, ಸರಾಸರಿ ಮೂರೂವರೆ ಎಲೆ ವಾಪಸ್. ಆದ್ರೆ ಅದಕ್ಕೆ ಅವಳು ಆ ಸರದಿಯ ಮೊದಲ ಎಕ್ಸ್‌ಪ್ಲೋರ್ ಬಿಡ್ಬೇಕು, ಅದಕ್ಕಂತ ತೋರಿಸಿದ ಡಿವೈನ್ (ದೈವಶಕ್ತಿಯ ಗುರುತಿರೋ) ಎಲೆಯೂ ಡಿಸ್ಕಾರ್ಡ್. 27.5 ಎಲೆಯ ಲೆಕ್ಕದಲ್ಲಿ ನಿಮಗೆ ಉಳಿಯೋದು ಎರಡೂವರೆ ಎಕ್ಸ್‌ಪ್ಲೋರ್. ಅಂದ್ರೆ ಇಡೀ ಆಟಕ್ಕೆ ಎರಡು ಸಲ ವಾಸಿ ಮಾಡ್ಬಹುದು. ಮೂರನೇದು ಬೇಕಾದ್ರೆ ಬ್ಲೆಸಿಂಗ್ ಅಥವಾ ಆಲಿ ಖರ್ಚು ಮಾಡಿ ಆ ಎಕ್ಸ್‌ಪ್ಲೋರ್ ವಾಪಸ್ ಗಳಿಸ್ಬೇಕು. ವ್ಯಾಲೆರೋಸ್‌ಗೆ ಎರಡು ಸಾಕು. ಆಯ್ಕೆ ಸರಿಯಿದೆ.

ಪುಟ್ಟಕ್ಕನಮನೆ:
ಕೊಳ್ಳೋ ಮುಂಚೆ ಒಂದು ಪರೀಕ್ಷೆ ಮಾಡಿ. ಮೂವರಿಗೂ ಸ್ವಂತ ಎಲೆಪಟ್ಟಿ ಪ್ರಕಾರ 15 ಎಲೆಗೆ ಚೀಟಿ ಬರ್ದು ಕಟ್ಟು ಮಾಡಿ, ಹತ್ತು ಸಲ ಕಲಸಿ ಮೊದಲ ಕೈ ಹಂಚಿ. ಹತ್ತರಲ್ಲಿ ಎಷ್ಟು ಸಲ ಮೊದಲ ಸರದಿಯಲ್ಲಿ ಒಂದು ಹೋರಾಟ, ಒಂದು ಹೆಚ್ಚುವರಿ ಎಕ್ಸ್‌ಪ್ಲೋರ್ ಎರಡೂ ಮಾಡೋಕಾಗುತ್ತೆ ಅಂತ ಗೀಟು ಹಾಕಿ. ಏಳಕ್ಕಿಂತ ಕಮ್ಮಿ ಬಂದ್ರೆ ಬಿ ಎಲೆಗಳ ಆಯ್ಕೆ ಬದಲಿಸಿ, ಪಾತ್ರವನ್ನಲ್ಲ.

ಎಲೆಗಾರ:
ಆಗಲಿ. ಫೈಟರ್ ಡೆಕ್‌ನ ಎಲೆಪಟ್ಟಿ ಇಟ್ಕೊಂಡು ಇವತ್ತೇ ಚೀಟಿ ಬರೀತೀನಿ. ಗೀಟಿನ ಲೆಕ್ಕ ಇಲ್ಲೇ ಹಾಕ್ತೀನಿ.

ಕಿರುಗೆಜ್ಜೆ:
ರೋಗ್‌ದೂ ಹಾಕಿ. ಮೆರಿಸಿಯೆಲ್‌ಗೆ ಆಲಿ ಕಮ್ಮಿ ಬರುತ್ತಾ ಅಂತ ನೋಡ್ಬೇಕು.